ಗ್ರಾಫಿಂಗ್ ಕ್ಯಾಲ್ಕುಲೇಟರ್ ತೋರಿಸುವ ಗೆರೆಯನ್ನು ಎಷ್ಟು ನಂಬಬಹುದು?

ಡಲ್ಲಾಸ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿ ಹೈಸ್ಕೂಲಿನಲ್ಲಿ ಎಪಿ ಕ್ಯಾಲ್ಕುಲಸ್ (ಕಾಲೇಜು ಮಟ್ಟದ ಗಣಿತ) ತೆಗೆದುಕೊಂಡಿದ್ದಾಳೆ. ಅದಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು. ಸ್ನೇಹಿತರ ಮಗ ಬಳಸಿದ ಹಳೆಯ ಟಿಐ-84 ಪ್ಲಸ್ ಸಿಕ್ಕಿದೆ, ಕಪ್ಪು ಬಿಳುಪು ಪರದೆಯದ್ದು. ನಾನು ಊರಿನಲ್ಲಿ ಪಿಯುಸಿ ಓದಿದವನು. ಆಗ ಗ್ರಾಫ್ ಶೀಟು, ಪೆನ್ಸಿಲ್ಲು, ಸ್ಕೇಲು ಅಷ್ಟೇ. ಈ ಯಂತ್ರ ನನಗೂ ಹೊಸದು.

ನಿನ್ನೆ ಅವಳು ವೈ = ಎಕ್ಸ್³ − 20ಎಕ್ಸ್² ಹಾಕಿ ಗ್ರಾಫ್ ಒತ್ತಿದಳು. ತಲೆಕೆಳಗಾದ ಪರವಲಯ ಬಂತು. ಮಧ್ಯದಲ್ಲಿ, ಸಣ್ಣಗೆ, ತುದಿ ಮೂಲಬಿಂದುವಿನಲ್ಲಿ. ಘನ ಬಹುಪದೋಕ್ತಿ ಪರವಲಯ ಆಗೋದು ಹೇಗೆ? ಯಂತ್ರ ಕೆಟ್ಟಿದೆಯಾ, ಅಥವಾ ಏನಾದರೂ ಸೆಟ್ಟಿಂಗ್ ಇದೆಯಾ? ಗೊತ್ತಿರುವವರು ಹೇಳಿ.

ಹಾಸನದ ಗಣಿತ ಮೇಡಂ

ಯಂತ್ರ ಚೆನ್ನಾಗಿಯೇ ಇದೆ ಸರ್. ನೀವು ನೋಡುತ್ತಿರುವುದು ಗ್ರಾಫಿನ ಒಂದು ಚೂರು ಮಾತ್ರ.

ಝೂಮ್ 6 ಒತ್ತಿದರೆ ಬರುವ ಸ್ಟ್ಯಾಂಡರ್ಡ್ ವಿಂಡೋದಲ್ಲಿ ಎಕ್ಸ್ −10ರಿಂದ 10, ವೈ ಕೂಡ −10ರಿಂದ 10. ಈಗ ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ, ಕಾಗದದ ಮೇಲೆ ನೋಡಿ. ಎಕ್ಸ್²(ಎಕ್ಸ್ − 20) ಅಂತ ಬರೆದುಕೊಂಡರೆ ಶೂನ್ಯತೆಗಳು, ಅಂದರೆ ವೈ ಸೊನ್ನೆಯಾಗುವ ಜಾಗಗಳು, ಕಣ್ಣಿಗೇ ಕಾಣುತ್ತವೆ: 0 ಮತ್ತು 20. ಇಪ್ಪತ್ತು ನಿಮ್ಮ ಪರದೆಯ ಹೊರಗಿದೆ! ಡೆರಿವೇಟಿವ್, ಅಂದರೆ ಗ್ರಾಫಿನ ಇಳಿಜಾರು, 3ಎಕ್ಸ್² − 40ಎಕ್ಸ್. ಅದು ಸೊನ್ನೆಯಾಗಿ ಗ್ರಾಫ್ ತಿರುಗುವುದು ಎಕ್ಸ್ = 0 ಮತ್ತು ಎಕ್ಸ್ = 40/3ರಲ್ಲಿ, ಅಂದರೆ ಸುಮಾರು 13.33. ಅಲ್ಲಿ ವೈ ಬೆಲೆ ಸುಮಾರು −1185. ಪರದೆ −10ಕ್ಕೇ ನಿಂತಿದೆ, ಗ್ರಾಫ್ −1000ಕ್ಕಿಂತ ಕೆಳಗೆ ಇಳಿದು ಹತ್ತಿ ಬರುತ್ತಿದೆ. ಮೂಲಬಿಂದುವಿನ ಹತ್ತಿರ ಮೇಲಿನ ತಿರುವು ಮಾತ್ರ ಕಂಡಿತು, ಅದು ಪರವಲಯದ ಹಾಗೆ ಕಾಣುವುದು ಸಹಜ.

ವಿಂಡೋ ಕೀ ಒತ್ತಿ ಎಕ್ಸ್ −5ರಿಂದ 25, ವೈ −1500ರಿಂದ 1000 ಕೊಡಿ. ಪೂರ್ತಿ ಆಕಾರ ಕಾಣುತ್ತದೆ. ವೈ ಎಷ್ಟು ಕೊಡಬೇಕು ಅಂತ ಗೊತ್ತಾಗದಿದ್ದರೆ, ಎಕ್ಸ್ ಮಾತ್ರ ನೀವು ಕೊಟ್ಟು ಝೂಮ್ 0 ಒತ್ತಿದರೆ ವೈ ಅಳತೆಯನ್ನು ಯಂತ್ರವೇ ಹೊಂದಿಸುತ್ತದೆ. ಆದರೆ ಎಕ್ಸ್ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಅದು ಊಹಿಸುವುದಿಲ್ಲ. ಆ ಕೆಲಸ ಮಗಳದ್ದೇ.

ಕೋಡ್ ಬರೆಯುವವ

ಮೇಡಂ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಇಂಥ ಚಿತ್ರಗಳನ್ನು ಬಿಡಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ, ಹಾಗಾಗಿ ಯಂತ್ರದ ಒಳಗೆ ಏನಾಗುತ್ತದೆ ಅಂತ ಹೇಳಬಲ್ಲೆ.

ಕ್ಯಾಲ್ಕುಲೇಟರಿಗೆ ವಕ್ರರೇಖೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಮಾಡುವುದು ನಮ್ಮ ಮನೆ ಮುಂದಿನ ಚುಕ್ಕಿ ರಂಗೋಲಿಯ ಕೆಲಸ. ಮೊದಲು ಚುಕ್ಕಿ, ಆಮೇಲೆ ಗೆರೆ. ಹಳೆಯ ಟಿಐ-84 ಪ್ಲಸ್‌ನಲ್ಲಿ ಗ್ರಾಫಿಗೆ ಅಡ್ಡಲಾಗಿ 95 ಕಾಲಂ, ಉದ್ದಕ್ಕೆ 63 ಸಾಲು. 95 ಕಾಲಂ ನಡುವೆ 94 ಸಂದು. −10ರಿಂದ 10ರವರೆಗಿನ 20ನ್ನು 94ರಿಂದ ಭಾಗಿಸಿ, ಸುಮಾರು 0.2128 ಬರುತ್ತದೆ. ಯಂತ್ರ ಎಕ್ಸ್‌ಗೆ −10 ಹಾಕಿ ವೈ ಲೆಕ್ಕ ಹಾಕುತ್ತದೆ, ಆಮೇಲೆ 0.2128 ಕೂಡಿಸಿ ಮತ್ತೆ ಲೆಕ್ಕ, ಹೀಗೇ ಬಲತುದಿವರೆಗೆ. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆ ಎಳೆದು ಸೇರಿಸುತ್ತದೆ. ಎರಡು ಚುಕ್ಕಿಗಳ ನಡುವೆ ಫಂಕ್ಷನ್ ಏನು ಮಾಡಿತು ಅಂತ ಅದು ನೋಡುವುದೇ ಇಲ್ಲ.

ನಿಮ್ಮ ಮಗಳ ಗ್ರಾಫನ್ನೇ ತೆಗೆದುಕೊಳ್ಳಿ. 0, ±0.2128, ±0.4255, ±0.6383 — ಈ ಏಳು ಕಡೆ ಮಾತ್ರ ವೈ ಬೆಲೆ −10ರ ಮೇಲೆ ಇದೆ. ಅದರ ಮುಂದಿನದು 0.8511, ಅಲ್ಲಿ ವೈ ಆಗಲೇ ಸುಮಾರು −13.9. ಅಂದರೆ ಪರದೆಯ ಮೇಲೆ ಬಿದ್ದದ್ದು ಏಳೇ ಚುಕ್ಕಿ. ಆ ಏಳು ಚುಕ್ಕಿ ಸೇರಿ ಆದದ್ದು ನೀವು ಕಂಡ ಪರವಲಯ.

ಮೈಸೂರಿನ ನಿವೃತ್ತ ಉಪನ್ಯಾಸಕ

ಇದಕ್ಕೇ ನಾನು ಮಕ್ಕಳ ಕೈಗೆ ಇಂಥ ಯಂತ್ರ ಕೊಡಬಾರದು ಅನ್ನುವುದು. ಟೇಬಲ್ ಹಾಕಿ, ಒಂದೊಂದೇ ಬಿಂದು ಗುರುತಿಸಿ, ಕೈಯಲ್ಲಿ ಗೆರೆ ಎಳೆದಾಗಲೇ ಫಂಕ್ಷನ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದು ತಲೆಗೆ ಹೋಗುವುದು. ನಮ್ಮಲ್ಲಿ ಪಿಯು ಪರೀಕ್ಷೆಗೆ, ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೆ, ಜೆಇಇಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಅದರಿಂದ ನಮ್ಮ ಮಕ್ಕಳಿಗೆ ನಷ್ಟವೇನೂ ಆಗಿಲ್ಲ. ಬಟನ್ ಒತ್ತಿ ಚಿತ್ರ ನೋಡುವುದು ಗಣಿತ ಅಲ್ಲ.

ಹಾಸನದ ಗಣಿತ ಮೇಡಂ

ಸರ್, ಕೈಯಲ್ಲಿ ಬಿಡಿಸುವುದನ್ನು ನಾನೂ ಬಿಡುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಕೈಯಲ್ಲಿ ಬಿಡಿಸುವ ಹುಡುಗ ಎಕ್ಸ್‌ಗೆ −3, −2, −1, 0, 1, 2, 3 ಹಾಕಿ ಏಳು ಬಿಂದು ಗುರುತಿಸಿ ಸೇರಿಸುತ್ತಾನೆ. ಯಂತ್ರ 95 ಬಿಂದು ಹಾಕಿ ಸೇರಿಸುತ್ತದೆ. ಎರಡೂ ಕಡೆ ತಪ್ಪುವ ರೀತಿ ಒಂದೇ. ಎಕ್ಸ್³ − 20ಎಕ್ಸ್²ಕ್ಕೆ ಆ ಏಳು ಬೆಲೆ ಹಾಕಿದ ಹುಡುಗನಿಗೂ 13.33ರ ತಿರುವು ಸಿಗುವುದಿಲ್ಲ. ಶೂನ್ಯತೆ ಎಲ್ಲಿ, ತಿರುವು ಎಲ್ಲಿ, ಎಕ್ಸ್ ತುಂಬಾ ದೊಡ್ಡದಾದಾಗ ಏನಾಗುತ್ತದೆ ಅಂತ ಮೊದಲೇ ಯೋಚಿಸಿದವನಿಗೆ ಪೆನ್ಸಿಲ್ಲೂ ಸರಿ, ಯಂತ್ರವೂ ಸರಿ.

ನಾನು ತರಗತಿಯಲ್ಲಿ ಮಾಡುವುದು ಇಷ್ಟು. ಮೊದಲು ಮಕ್ಕಳು ನೋಟ್‌ಬುಕ್ಕಿನಲ್ಲಿ ಸುಮ್ನೆ ಒಂದು ಅಂದಾಜು ಆಕಾರ ಬಿಡಿಸಬೇಕು. ಆಮೇಲೆ ಪ್ರೊಜೆಕ್ಟರ್‌ನಲ್ಲಿ ಗ್ರಾಫ್ ತೋರಿಸುತ್ತೇನೆ. ಎರಡೂ ಬೇರೆ ಬೇರೆ ಬಂದ ದಿನ ತರಗತಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ!

ಐಬಿ ಹುಡುಗಿ, ಬೆಂಗಳೂರು

ನಾನು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಪಠ್ಯಕ್ರಮ) ಓದುತ್ತಿದ್ದೇನೆ, ನಮಗೆ ಪರೀಕ್ಷೆಯಲ್ಲೇ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಳಸಬೇಕಾದ ಪೇಪರ್ ಇರುತ್ತದೆ. ಅಂಕಲ್, ನಿಮ್ಮ ಮಗಳಿಗೆ ಈ ಎರಡು ವಿಷಯ ಈಗಲೇ ಹೇಳಿಬಿಡಿ, ಪರೀಕ್ಷೆ ಹಾಲ್‌ನಲ್ಲಿ ಎಲ್ಲರನ್ನೂ ಕಾಡುವುದು ಇವೇ.

ಒಂದು, ಮೋಡ್, ಅಂದರೆ ಕೋನವನ್ನು ಡಿಗ್ರಿಯಲ್ಲಿ ಅಳೆಯಬೇಕೋ ರೇಡಿಯನ್‌ನಲ್ಲೋ ಅನ್ನುವ ಸೆಟ್ಟಿಂಗ್. ಡಿಗ್ರಿಯಲ್ಲಿಟ್ಟು ವೈ = ಸೈನ್ ಎಕ್ಸ್ ಹಾಕಿದರೆ ಸ್ಟ್ಯಾಂಡರ್ಡ್ ವಿಂಡೋದಲ್ಲಿ ಎಕ್ಸ್ ಅಕ್ಷಕ್ಕೇ ಅಂಟಿಕೊಂಡ ಗೆರೆ ಬರುತ್ತದೆ. 10 ಡಿಗ್ರಿಯ ಸೈನ್ ಬರೀ 0.17 ಅಲ್ವಾ, ಅದು ಒಂದು ಪಿಕ್ಸೆಲ್‌ನಷ್ಟೂ ಮೇಲೇಳುವುದಿಲ್ಲ. ಕ್ಯಾಲ್ಕುಲಸ್ ಮಾಡುವವರು ರೇಡಿಯನ್‌ನಲ್ಲೇ ಇಡಬೇಕು.

ಎರಡು, ಮೈನಸ್ ಕೀ. ಟಿಐನಲ್ಲಿ ಕಳೆಯುವ ಮೈನಸ್ ಬೇರೆ, ಋಣ ಸಂಖ್ಯೆಯ ಮೈನಸ್ ಬೇರೆ. ಋಣದ್ದು ಕೆಳಗಿನ ಸಾಲಿನಲ್ಲಿ ಎಂಟರ್ ಪಕ್ಕ, ಆವರಣದೊಳಗೆ ಬರೆದಿರುತ್ತದೆ. ವೈ = −ಎಕ್ಸ್² ಬರೆಯುವಾಗ ಕಳೆಯುವ ಕೀ ಒತ್ತಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಆವರಣದ ವಿಷಯವೂ ಇದೆ. 1/ಎಕ್ಸ್ − 2 ಬೇರೆ, 1/(ಎಕ್ಸ್ − 2) ಬೇರೆ. ಮೊದಲನೆಯದು 1/ಎಕ್ಸ್ ಅನ್ನು ಎರಡು ಕೆಳಗೆ ಇಳಿಸುತ್ತದೆ, ಎರಡನೆಯದು ಎರಡು ಬಲಕ್ಕೆ ಸರಿಸುತ್ತದೆ.

ಡಲ್ಲಾಸ್ ಕನ್ನಡಿಗ

ಎಲ್ಲರಿಗೂ ತುಂಬಾ ಧನ್ಯವಾದ. −1500ರಿಂದ 1000 ಕೊಟ್ಟ ತಕ್ಷಣ ಘನದ ಆಕಾರ ಬಂತು, ಮಗಳು ಕುರ್ಚಿಯಿಂದ ಎದ್ದು ಬಂದು ನನಗೆ ತೋರಿಸಿದಳು. ಡೆರಿವೇಟಿವ್ ಯಾಕೆ ಕಲಿಯಬೇಕು ಅಂತ ಕೇಳುತ್ತಿದ್ದವಳು ಈಗ ತಾನೇ ತಿರುವು ಹುಡುಕಿ ಆಮೇಲೆ ವಿಂಡೋ ಕೊಡುತ್ತಿದ್ದಾಳೆ.

ಈಗ ಇನ್ನೊಂದು. 1/(ಎಕ್ಸ್ − 2) ಹಾಕಿದಳು. ಎಕ್ಸ್ = 2ರ ಹತ್ತಿರ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಗೆರೆ ಬರುತ್ತಿದೆ. "ಅಸಿಂಪ್ಟೋಟ್ ಅನ್ನು ಕ್ಯಾಲ್ಕುಲೇಟರೇ ಬಿಡಿಸಿದೆ ಅಪ್ಪಾ" ಅನ್ನುತ್ತಾಳೆ (ಗ್ರಾಫ್ ಹತ್ತಿರವಾಗುತ್ತಲೇ ಹೋಗಿ ಮುಟ್ಟದ ಗೆರೆ ಅಸಿಂಪ್ಟೋಟ್). ನಿಜವಾ?

ಕೋಡ್ ಬರೆಯುವವ

ಇಲ್ಲ, ಅದು ಅಸಿಂಪ್ಟೋಟ್ ಅಲ್ಲ. 2ರ ಎಡಗಡೆಯ ಕೊನೆಯ ಚುಕ್ಕಿ ತುಂಬಾ ಕೆಳಗೆ, ಬಲಗಡೆಯ ಮೊದಲ ಚುಕ್ಕಿ ತುಂಬಾ ಮೇಲೆ. ಯಂತ್ರ ಎರಡನ್ನೂ ಸೇರಿಸಿಬಿಟ್ಟಿದೆ. ಆ ಗೆರೆ ಗ್ರಾಫಿಗೆ ಸೇರಿದ್ದೇ ಅಲ್ಲ. ಟ್ಯಾನ್ ಎಕ್ಸ್ ಹಾಕಿದರೂ ಹೀಗೇ ಗೆರೆಗಳು ಬರುತ್ತವೆ.

ಈಗ ಝೂಮ್ 4 ಒತ್ತಿಸಿ. ಎಕ್ಸ್ −4.7ರಿಂದ 4.7 ಆಗುತ್ತದೆ. 9.4ನ್ನು 94ರಿಂದ ಭಾಗಿಸಿದರೆ ಸರಿಯಾಗಿ 0.1. ಹಾಗಾಗಿ ಎಕ್ಸ್ = 2 ಮೇಲೆಯೇ ಒಂದು ಕಾಲಂ ಬೀಳುತ್ತದೆ. ಅಲ್ಲಿ ಸೊನ್ನೆಯಿಂದ ಭಾಗಿಸಬೇಕು, ಬೆಲೆ ಇಲ್ಲ, ಚುಕ್ಕಿ ಇಲ್ಲ, ಗೆರೆಯೂ ಇಲ್ಲ. ಆ ಸುಳ್ಳು ಗೆರೆ ಮಾಯ!

ಇದೇ ಉಪಾಯದಿಂದ (ಎಕ್ಸ್² − 1)/(ಎಕ್ಸ್ − 1) ನೋಡಿ. ಇದು ಎಕ್ಸ್ + 1 ಅನ್ನುವ ಸರಳ ರೇಖೆಯೇ, ಎಕ್ಸ್ = 1ರಲ್ಲಿ ಮಾತ್ರ ತೂತು. ಝೂಮ್ 6ರಲ್ಲಿ ಯಾವ ಕಾಲಮ್ಮೂ ಸರಿಯಾಗಿ 1ರ ಮೇಲೆ ಬೀಳುವುದಿಲ್ಲ, ತೂತು ಕಾಣುವುದಿಲ್ಲ. ಝೂಮ್ 4ರಲ್ಲಿ (1, 2) ಇರಬೇಕಾದ ಜಾಗದಲ್ಲಿ ಒಂದೇ ಒಂದು ಪಿಕ್ಸೆಲ್ ಖಾಲಿ. ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು.

ಇನ್ನು ನನಗೆ ತುಂಬಾ ಇಷ್ಟವಾದದ್ದು. ರೇಡಿಯನ್ ಮೋಡ್‌ನಲ್ಲಿಟ್ಟು ವಿಂಡೋದಲ್ಲಿ ಎಕ್ಸ್ −2ಪೈಯಿಂದ 2ಪೈ, ವೈ −2ರಿಂದ 2 ಕೊಟ್ಟು, ವೈ = ಸೈನ್(47ಎಕ್ಸ್) ಬಿಡಿಸಿ. 4ಪೈ ಅಗಲದಲ್ಲಿ 94 ಅಲೆಗಳು ಇರಬೇಕು, ಅಲ್ವಾ? ಪರದೆಯಲ್ಲಿ ಬರುವುದು ಮಟ್ಟಸವಾದ ಗೆರೆ, ಅಕ್ಷದ ಮೇಲೆ. ಯಾಕೆಂದರೆ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ 4ಪೈ/94 ಮುಂದೆ ಹೋಗುತ್ತೇವೆ. ಅದನ್ನು 47ರಿಂದ ಗುಣಿಸಿದರೆ 2ಪೈ. ಒಂದೊಂದು ಹೆಜ್ಜೆಗೂ ಒಂದು ಪೂರ್ತಿ ಅಲೆ ದಾಟಿ ಮತ್ತೆ ಸೊನ್ನೆಯ ಮೇಲೇ ಕಾಲಿಡುತ್ತೇವೆ. 48 ಹಾಕಿದರೆ? ಸಾಕ್ಷಾತ್ ಸೈನ್ ಎಕ್ಸ್ ಬರುತ್ತದೆ, ಎರಡೇ ಅಲೆ. 46 ಹಾಕಿದರೆ ಸೈನ್ ಎಕ್ಸ್ ತಲೆಕೆಳಗಾಗಿ ಬರುತ್ತದೆ. ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಇರುವವರು 47ರ ಬದಲು 132 ಹಾಕಿ ನೋಡಿ. ಅದರಲ್ಲಿ 265 ಕಾಲಂ, 264 ಸಂದು.

ಆಡಿಯೋ ರೆಕಾರ್ಡಿಂಗ್‌ನಲ್ಲಿ, ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಇದಕ್ಕೆ ಏಲಿಯಾಸಿಂಗ್ ಅನ್ನುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಮುಂದೆ ಕಲಿಯುವ ವಿಷಯ, ಇಲ್ಲಿ ಹೈಸ್ಕೂಲ್ ಹುಡುಗಿಯ ಅಂಗೈಯಲ್ಲೇ ಇದೆ.

ಮೈಸೂರಿನ ನಿವೃತ್ತ ಉಪನ್ಯಾಸಕ

ಸೈನ್ 47ರ ಉದಾಹರಣೆ ಬಹಳ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ಇದನ್ನು ಯಂತ್ರವಿಲ್ಲದೆ ತೋರಿಸಲು ಆಗುತ್ತಿರಲಿಲ್ಲ ಅಂತ ಒಪ್ಪುತ್ತೇನೆ. ಆದರೂ ಹನ್ನೊಂದನೇ ತರಗತಿಗೆ ಮುಂಚೆ ಯಂತ್ರ ಬೇಡ ಅನ್ನುವ ಮಾತಿಗೆ ನಾನು ಬದ್ಧ.

ಕೊಪ್ಪಳ ಕಡೆ ಮೇಷ್ಟ್ರು

ನಮಸ್ಕಾರ್ರಿ ಎಲ್ಲರಿಗೂ. ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಗಣಿತ ಹೇಳುತ್ತೇನೆ. ಟಿಐ ಕ್ಯಾಲ್ಕುಲೇಟರ್ ಬೆಲೆ ನಮ್ಮ ಮಕ್ಕಳ ಮನೆಯವರಿಗೆ ಕೇಳಲೂ ಆಗದಷ್ಟು. ಆದರೆ ಗ್ರಾಫ್ ಬಿಡಿಸುವ ಆ್ಯಪ್‌ಗಳಾದ ಡೆಸ್ಮೋಸ್, ಜಿಯೋಜೀಬ್ರಾ ಎರಡೂ ಫೋನಿನಲ್ಲಿ ಪುಕ್ಕಟೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಜಿಯೋಜೀಬ್ರಾ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹನ್‌ವಾರ್ಟರ್ ಅನ್ನುವವರು ಶುರು ಮಾಡಿದ್ದು. 2011ರಲ್ಲಿ ಡೆಸ್ಮೋಸ್ ಬಂತು.

ಉಪನ್ಯಾಸಕ ಸರ್ ಹೇಳಿದ್ದಕ್ಕೆ ನನ್ನದೊಂದು ಮಾತು. ಹತ್ತನೇ ತರಗತಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಿಂದ ಬಿಡಿಸುವ ಲೆಕ್ಕ ಇರುತ್ತದೆ. ಪರೀಕ್ಷೆಯಲ್ಲಿ ಗ್ರಾಫ್ ಹಾಳೆಯಲ್ಲೇ ಬಿಡಿಸಬೇಕು, ಅದನ್ನು ಕಟ್ಟುನಿಟ್ಟಾಗಿ ರೂಢಿ ಮಾಡಿಸುತ್ತೇನೆ. ಆಮೇಲೆ ನನ್ನ ಫೋನಿನಲ್ಲಿ ಸ್ಲೈಡರ್ ತೆಗೆಯುತ್ತೇನೆ. ವೈ = ಎಂಎಕ್ಸ್ + ಸಿ ಅಂತ ಬರೆದು ಎಂ ಅನ್ನು ಎಳೆದರೆ ಗೆರೆ ತಿರುಗುತ್ತದೆ, ಸಿ ಎಳೆದರೆ ಮೇಲೆ ಕೆಳಗೆ ಹೋಗುತ್ತದೆ. ಎರಡು ಗೆರೆಯ ಎಂ ಒಂದೇ ಮಾಡಿ ಸಿ ಬೇರೆ ಬೇರೆ ಇಟ್ಟರೆ ಎಷ್ಟು ದೂರ ಹೋದರೂ ಕೂಡುವುದಿಲ್ಲ. "ಪರಿಹಾರ ಇಲ್ಲ" ಅನ್ನುವುದನ್ನು ಬಾಯಿಪಾಠ ಮಾಡಿದ್ದ ಹುಡುಗಿ "ಸರ್, ಇವೆರಡೂ ಭೇಟಿ ಆಗೋದೇ ಇಲ್ಲ" ಅಂದಳು. ಹನ್ನೊಂದನೇ ತರಗತಿಗೆ ಮೊದಲೂ ಇದು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ.

ವೃತ್ತ ಬಿಡಿಸಲೂ ಇವೇ ಸುಲಭ. ಎಕ್ಸ್² + ವೈ² = 25 ಅಂತ ಹಾಗೇ ಟೈಪ್ ಮಾಡಿದರೆ ಸಾಕು. ಟಿಐನಲ್ಲಿ ಏನು ಮಾಡುತ್ತೀರಿ?

ಐಬಿ ಹುಡುಗಿ, ಬೆಂಗಳೂರು

ಟಿಐನಲ್ಲಿ ಎರಡು ತುಂಡು ಮಾಡಬೇಕು ಸರ್, 25 − ಎಕ್ಸ್²ರ ವರ್ಗಮೂಲ ಒಂದು, ಅದರ ಋಣ ಇನ್ನೊಂದು. ಸ್ಟ್ಯಾಂಡರ್ಡ್ ವಿಂಡೋದಲ್ಲಿ ಅದು ಅಡ್ಡಡ್ಡ ಚಪ್ಪಟೆಯಾಗಿ ಕಾಣುತ್ತದೆ, ಪರದೆ ಅಗಲ ಜಾಸ್ತಿ ಇರುವುದರಿಂದ. ಝೂಮ್ 5 ಒತ್ತಿದರೆ ಗುಂಡಗಾಗುತ್ತದೆ. ಆದರೂ ಎಡಬಲ ತುದಿಯಲ್ಲಿ ಎರಡು ತುಂಡುಗಳ ನಡುವೆ ಸಂದು ಉಳಿಯಬಹುದು, ಯಾವ ಕಾಲಮ್ಮೂ ಸರಿಯಾಗಿ 5ರ ಮೇಲೆ ಬೀಳದಿದ್ದರೆ.

ನನ್ನದೊಂದು ಪ್ರಶ್ನೆ. ಶೂನ್ಯತೆ ಹುಡುಕಲು ಟ್ರೇಸ್, ಅಂದರೆ ಬಾಣದ ಕೀ ಒತ್ತುತ್ತಾ ಗೆರೆಯ ಮೇಲೆ ನಡೆಯುವುದು, ಸಾಕಾ?

ಹಾಸನದ ಗಣಿತ ಮೇಡಂ

ಸಾಲದು. ಟ್ರೇಸ್ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಹಾರುತ್ತದೆ, ನಡುವಿನ ಬೆಲೆ ಹಾಗೆ ಬಾಣದ ಕೀಯಿಂದ ಸಿಗುವುದಿಲ್ಲ. ಸೆಕೆಂಡ್ ಕೀ ಒತ್ತಿ ಟ್ರೇಸ್ ಒತ್ತಿದರೆ ಕ್ಯಾಲ್ಕ್ ಮೆನು ಬರುತ್ತದೆ, ಅದರಲ್ಲಿ ಝೀರೋ ಆರಿಸಬೇಕು. ಎಡಗಡೆ ಒಂದು ಬಿಂದು, ಬಲಗಡೆ ಒಂದು ಬಿಂದು, ನಡುವೆ ಒಂದು ಅಂದಾಜು ಕೊಡಬೇಕು. (ಎಕ್ಸ್ − 2)² ಥರ ಅಕ್ಷವನ್ನು ಮುಟ್ಟಿ ಮೇಲೇಳುವ ಗ್ರಾಫಿನಲ್ಲಿ ಚಿಹ್ನೆ ಬದಲಾಗುವುದಿಲ್ಲ, ಅಲ್ಲಿ ಝೀರೋ ಸೋತು ಎರರ್ ಕೊಡಬಹುದು. ಅಂಥ ಕಡೆ ಮಿನಿಮಮ್ ಬಳಸಿ. ಉತ್ತರ 2ರ ಬದಲು 1.999998 ಥರ ಬಂದರೆ ಹೆದರಬೇಡಿ.

ಎಪಿ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಭಾಗಕ್ಕೆ ಬೇಕಾದ ಕೆಲಸ ನಾಲ್ಕೇ: ಬೇಕಾದ ವಿಂಡೋದಲ್ಲಿ ಗ್ರಾಫ್ ಬಿಡಿಸುವುದು, ಶೂನ್ಯತೆ ಹುಡುಕುವುದು, ಒಂದು ಬಿಂದುವಿನಲ್ಲಿ ಡೆರಿವೇಟಿವ್‌ನ ಬೆಲೆ, ಡೆಫಿನಿಟ್ ಇಂಟಿಗ್ರಲ್‌ನ ಬೆಲೆ. ಮಿಕ್ಕಿದ್ದೆಲ್ಲ ಕಾಗದದ ಮೇಲೆ. ದಶಮಾಂಶದ ಮೂರು ಸ್ಥಾನ ಸರಿ ಇರಬೇಕು, ಹಾಗಾಗಿ ಮಧ್ಯದಲ್ಲಿ ರೌಂಡ್ ಮಾಡಬಾರದು ಅಂತ ಮಗಳಿಗೆ ಹೇಳಿ.

ಅವಳಿಗೆ ಒಂದು ಮನೆಕೆಲಸವನ್ನೂ ಕೊಡುತ್ತೇನೆ. ಇ ಘಾತ ಎಕ್ಸ್, ಮತ್ತು ಎಕ್ಸ್¹⁰. ಎರಡೂ ಗ್ರಾಫ್ ಎಷ್ಟು ಕಡೆ ಕೂಡುತ್ತವೆ?

ಡಲ್ಲಾಸ್ ಕನ್ನಡಿಗ

ಮಗಳ ಉತ್ತರ: ಎರಡು ಕಡೆ. ಸುಮಾರು −0.913 ಮತ್ತು 1.118.

ಹಾಸನದ ಗಣಿತ ಮೇಡಂ

ಆ ಎರಡೂ ಸರಿ. ಆದರೆ 1.118ರ ನಂತರ ಯಾರು ಮೇಲಿದ್ದಾರೆ? ಎಕ್ಸ್¹⁰. ಕೊನೆಗೆ ಯಾರು ಗೆಲ್ಲಬೇಕು? ಎಕ್ಸ್‌ನ ಯಾವ ಘಾತವನ್ನಾದರೂ ಇ ಘಾತ ಎಕ್ಸ್ ಒಂದಲ್ಲ ಒಂದು ಕಡೆ ದಾಟಲೇಬೇಕು. ಅಂದರೆ ಇನ್ನೊಂದು ಕೂಡುವ ಜಾಗ ಇದ್ದೇ ಇದೆ. ಅದು ಎಕ್ಸ್ ಸುಮಾರು 35.77ರಲ್ಲಿ. ಅಲ್ಲಿ ವೈ ಬೆಲೆ ಸುಮಾರು 3.4 × 10¹⁵! ವಿಂಡೋ ಅಷ್ಟು ಎತ್ತರ ಕೊಟ್ಟರೆ ಮೊದಲಿನ ಎರಡು ಬಿಂದುಗಳು ಅಕ್ಷದೊಳಗೆ ಅಡಗಿಹೋಗುತ್ತವೆ. ಮೂರನ್ನೂ ಒಂದೇ ಪರದೆಯಲ್ಲಿ ತೋರಿಸುವ ವಿಂಡೋ ಇಲ್ಲ.

ಆದರೆ ಎರಡೂ ಕಡೆ ಲಾಗ್ ತೆಗೆದುಕೊಂಡರೆ ಎಕ್ಸ್ = 10 ಲಾಗ್ ಎಕ್ಸ್ ಆಗುತ್ತದೆ, ಸಹಜ ಲಾಗ್, ಎಕ್ಸ್ ಧನ ಇದ್ದಾಗ. ವೈ = ಎಕ್ಸ್ − 10 ಲಾಗ್ ಎಕ್ಸ್ ಬಿಡಿಸಿ, ಎಕ್ಸ್ 0ರಿಂದ 40, ವೈ −15ರಿಂದ 15. 1.118, 35.77 ಎರಡೂ ಒಂದೇ ಪರದೆಯಲ್ಲಿ ಆರಾಮಾಗಿ ಕಾಣುತ್ತವೆ.

ಮೈಸೂರಿನ ನಿವೃತ್ತ ಉಪನ್ಯಾಸಕ

ಇದು ಪಾಠ ಅಂದರೆ. ಮೂರನೆಯ ಬಿಂದು ಇದೆ ಅಂತ ಹೇಳಿದ್ದು ಯಂತ್ರ ಅಲ್ಲ, ಮೇಡಂ ಅವರ ಗಣಿತ. ಅದನ್ನು ಕಣ್ಣಿಗೆ ಕಾಣಿಸಿದ್ದು ಯಂತ್ರ. ನನ್ನ ಮೊಮ್ಮಗನಿಗೆ ಇದೇ ಲೆಕ್ಕ ಕೊಡುತ್ತೇನೆ.

ಡಲ್ಲಾಸ್ ಕನ್ನಡಿಗ

ಸರ್, ನೀವು ಒಪ್ಪಿದ್ದು ನೋಡಿ ಖುಷಿಯಾಯಿತು. ಮಗಳದ್ದು ಕೊನೆಯ ಒಂದು ಪ್ರಶ್ನೆ. (1 − ಕಾಸ್ ಎಕ್ಸ್)/ಎಕ್ಸ್² — ಎಕ್ಸ್ ಸೊನ್ನೆಗೆ ಹತ್ತಿರವಾದಾಗ ಲಿಮಿಟ್ 1/2 ಅಂತ ಕ್ಲಾಸಿನಲ್ಲಿ ಕಲಿತಿದ್ದಾಳೆ. ಡೆಸ್ಮೋಸ್‌ನಲ್ಲಿ ಝೂಮ್ ಮಾಡುತ್ತಾ ಹೋದಾಗ ಮೊದಲು 0.5ರಲ್ಲೇ ಇತ್ತು. ತುಂಬಾ ಒಳಗೆ ಹೋದ ಮೇಲೆ ಗರಗಸದ ಹಲ್ಲಿನಂತೆ ಎಗರಾಡಿ, ಮಧ್ಯದಲ್ಲಿ 0ಗೆ ಬಿದ್ದುಬಿಡುತ್ತದೆ. ಹಾಗಾದರೆ ಲಿಮಿಟ್ 0 ಅಲ್ವಾ ಅನ್ನುತ್ತಾಳೆ.

ಕೋಡ್ ಬರೆಯುವವ

ಲಿಮಿಟ್ 1/2 ಅನ್ನುವುದರಲ್ಲಿ ಸಂಶಯ ಬೇಡ. ಈ ಸಲ ತೊಂದರೆ ವಿಂಡೋದಲ್ಲೂ ಇಲ್ಲ, ಚುಕ್ಕಿಗಳ ನಡುವಿನ ಸಂದಿನಲ್ಲೂ ಇಲ್ಲ. ಒಂದೊಂದು ಚುಕ್ಕಿಯ ಬೆಲೆಯೇ ತಪ್ಪಾಗಿದೆ.

ಕಂಪ್ಯೂಟರ್ ಒಂದು ಸಂಖ್ಯೆಯನ್ನು ಸುಮಾರು 16 ಅಂಕಿಗಳಲ್ಲಿ ಇಟ್ಟುಕೊಳ್ಳುತ್ತದೆ. ಎಕ್ಸ್ = 10⁻⁸ ಅಂದುಕೊಳ್ಳಿ. ಕಾಸ್ ಎಕ್ಸ್ ಅಂದರೆ 1ರಿಂದ 5 × 10⁻¹⁷ ಕಳೆದಷ್ಟು. ಆ ವ್ಯತ್ಯಾಸ 16 ಅಂಕಿಗಳಾಚೆ ಇದೆ, ಆದ್ದರಿಂದ ಕಾಸ್ ಎಕ್ಸ್ ಸರಿಯಾಗಿ 1 ಆಗಿಬಿಡುತ್ತದೆ. 1 − 1 = 0. ಸೊನ್ನೆಯನ್ನು ಸೊನ್ನೆಯಲ್ಲದ ಯಾವುದರಿಂದ ಭಾಗಿಸಿದರೂ ಸೊನ್ನೆ. ಸುಮಾರು 1.05 × 10⁻⁸ ದಾಟಿದ ತಕ್ಷಣ ಆ ವ್ಯತ್ಯಾಸ ಸೊನ್ನೆಯಿಂದ, 1ರ ಹತ್ತಿರ ಕಂಪ್ಯೂಟರಿಗೆ ಸಾಧ್ಯವಾದ ಅತಿ ಚಿಕ್ಕ ಹೆಜ್ಜೆಗೆ ಒಮ್ಮೆಗೇ ಏರುತ್ತದೆ, ಗ್ರಾಫ್ 0ಯಿಂದ 1ರ ಹತ್ತಿರಕ್ಕೆ ಹಾರುತ್ತದೆ. ಅಲ್ಲಿಂದ ಇಳಿಯುತ್ತದೆ, ಮತ್ತೆ ಹಾರುತ್ತದೆ. ಅವಳು ಕಂಡ ಗರಗಸ ಇದೇ.

ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆದದ್ದೇ ಇದಕ್ಕೆಲ್ಲ ಕಾರಣ. ಆ ಕಳೆಯುವಿಕೆಯನ್ನೇ ತಪ್ಪಿಸಬೇಕು. 1 − ಕಾಸ್ ಎಕ್ಸ್ ಅಂದರೆ 2ಸೈನ್²(ಎಕ್ಸ್/2), ಇದು ಪಿಯುಸಿಯ ಸೂತ್ರ, ನಿಮಗೂ ನೆನಪಿರುತ್ತದೆ. ಡೆಸ್ಮೋಸ್‌ನಲ್ಲಿ ಎರಡನೇ ಸಾಲಿನಲ್ಲಿ 2ಸೈನ್²(ಎಕ್ಸ್/2)/ಎಕ್ಸ್² ಬರೆಯಲಿ. ಎಕ್ಸ್ −5 × 10⁻⁸ರಿಂದ 5 × 10⁻⁸, ವೈ 0ಯಿಂದ 1.2 ಇಡಲಿ. ಒಂದೇ ಫಂಕ್ಷನ್, ಎರಡು ಬಣ್ಣ. ಮೊದಲನೆಯದು ಗರಗಸ, ಎರಡನೆಯದು 0.5ರಲ್ಲಿ ನೇರ ಗೆರೆ.

ಆಮೇಲೆ ಟಿಐನಲ್ಲೂ ನೋಡಲಿ. ಅದು ಇಟ್ಟುಕೊಳ್ಳುವುದು 14 ಅಂಕಿ, ಹಾಗಾಗಿ ಅಲ್ಲಿ 10⁻⁷ರ ಆಸುಪಾಸಿನಲ್ಲೇ ಕೈಕೊಡಬೇಕು. ಸರಿಯಾಗಿ ಎಲ್ಲಿ ಅಂತ ಅವಳೇ ಹುಡುಕಿ ಇಲ್ಲಿ ಬರೆಯಲಿ.